ವಾಲ್ಯೂಮ್ ಗುಂಡಿ ಕೆಟ್ಟರೆ ಏನಾಗುತ್ತದೆ?

ತುಮಕೂರಿನ ದುರಸ್ತಿ ಅಂಗಡಿಗಳಿಗೆ ಆಂಪ್ಲಿಫೈಯರ್ ಹೊತ್ತು ತರುವವರ ದೂರು ಬಹುಮಟ್ಟಿಗೆ ಎರಡೇ ಪದಗಳಲ್ಲಿ ಮುಗಿಯುತ್ತದೆ: “ಕಂಟ್ರೋಲ್ ಹೋಗಿದೆ.” ಜಾತ್ರೆ, ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವವರು ಹೇಳುವುದೂ ಇದೇ. ಎಸ್‌ಐಟಿ ಬಡಾವಣೆಯ ಮನೆಯಲ್ಲಿ ಎರಡು ಮೂರು ಲಕ್ಷದ ವಿದೇಶಿ ಆಂಪ್ಲಿಫೈಯರ್ ಇಟ್ಟುಕೊಂಡು ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುವವರು ಹೇಳುವುದೂ ಇದೇ. ಮೊದಲಿನವರಿಗೆ ಅದರಲ್ಲಿ ವಿಶೇಷವೇನಿಲ್ಲ. ಅಗ್ಗದ ಬಿಡಿಭಾಗ, ಅರ್ಧ ಗಂಟೆಯ ಕೆಲಸ. ಎರಡನೆಯವರಿಗೆ ಅದು ಮುಖಭಂಗ. ಇಷ್ಟು ಹಣ ಸುರಿದ ಮೇಲೂ ಗುಂಡಿ ತಿರುಗಿಸಿದರೆ ಕರಕರ ಎನ್ನುವುದೇ? ಎಡಗಡೆಯ ಸ್ಪೀಕರ್ ಆಗಾಗ ಮೌನವ್ರತ ಹಿಡಿಯುವುದೇ?

ಹಿಡಿಯುತ್ತದೆ. ಅದಕ್ಕೆ ಕಾರಣ ಸರಳ. ಆಂಪ್ಲಿಫೈಯರ್‌ನ ಒಳಗಿನ ಟ್ರಾನ್ಸಿಸ್ಟರ್‌ಗಳು ಮಿತಿಮೀರಿ ಕಾಯದಿದ್ದರೆ ದಶಕಗಟ್ಟಲೆ ದುಡಿಯುತ್ತವೆ. ಟ್ರಾನ್ಸ್‌ಫಾರ್ಮರ್ ಅದಕ್ಕಿಂತ ಗಟ್ಟಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗುತ್ತವೆಯಾದರೂ ಅದು ನಿಧಾನದ ಮುಪ್ಪು. ಇಡೀ ಯಂತ್ರದಲ್ಲಿ ದಿನವೂ ಅಲುಗಾಡುವ, ಒಂದು ಮೈ ಇನ್ನೊಂದು ಮೈಯನ್ನು ಉಜ್ಜುತ್ತಲೇ ಸಂಗೀತವನ್ನು ದಾಟಿಸಬೇಕಾದ ಜಾಗ ವಾಲ್ಯೂಮ್ ಗುಂಡಿಯ ಹಿಂದಿನದು. ಯಂತ್ರ ಎಷ್ಟೇ ದುಬಾರಿಯಾಗಿರಲಿ, ಅಲ್ಲಿನ ಭೌತಶಾಸ್ತ್ರ ಅದೇ.

ಆದ್ದರಿಂದಲೇ ದುಬಾರಿ ಯಂತ್ರಗಳ ತಯಾರಕರು ಈ ಜಾಗಕ್ಕೆ ಬಗೆಬಗೆಯ ಉಪಾಯ ಹೂಡಿದ್ದಾರೆ, ಕೊಳ್ಳುವವರು ಬಗೆಬಗೆಯ ನಂಬಿಕೆ ಬೆಳೆಸಿಕೊಂಡಿದ್ದಾರೆ. ಅವುಗಳಲ್ಲಿ ಹೆಚ್ಚು ಬೇರೂರಿದ ನಂಬಿಕೆ ಎಂದರೆ, ಸಾಮಾನ್ಯ ಪಾಟ್ (ನುಣುಪಾಗಿ ತಿರುಗುವ ವಾಲ್ಯೂಮ್ ಕಂಟ್ರೋಲ್) ಸವೆದು ಕೆಡುತ್ತದೆ, ಕಟಕಟ ಎಂದು ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಸ್ವಿಚ್ ಆಜೀವ ಬಾಳುತ್ತದೆ ಎಂಬುದು. ಇದರಲ್ಲಿ ಅರ್ಧ ನಿಜ ಇದೆ. ಉಳಿದರ್ಧವನ್ನು ಬಿಡಿಸಿ ನೋಡಿದರೆ, ‘ಎಷ್ಟು ಕಾಲ ಬಾಳುತ್ತದೆ’ ಎಂಬ ಪ್ರಶ್ನೆಗಿಂತ ‘ಕೆಟ್ಟಾಗ ಹೇಗೆ ಕೆಡುತ್ತದೆ, ಆಗ ಯಾರು ಸರಿಮಾಡುತ್ತಾರೆ’ ಎಂಬ ಪ್ರಶ್ನೆಯೇ ಹಣ ಕೊಡುವವನಿಗೆ ಮುಖ್ಯ ಎಂದು ನನಗೆ ಅನಿಸುತ್ತದೆ.

ಮೊದಲು ಪಾಟ್, ಅಂದರೆ ಪೊಟೆನ್ಶಿಯೋಮೀಟರ್. ಕುದುರೆ ಲಾಳದ ಆಕಾರದಲ್ಲಿ ಇಂಗಾಲದ ಅಥವಾ ವಿದ್ಯುತ್ ಹರಿಯಬಲ್ಲ ಪ್ಲಾಸ್ಟಿಕ್ಕಿನ ಒಂದು ಪಟ್ಟಿ; ಅದರ ಮೇಲೆ ಜಾರುವ ಲೋಹದ ಬೆರಳು. ಪಟ್ಟಿಯ ಒಂದು ತುದಿಗೆ ಸಂಗೀತದ ಸಂಕೇತ ಬರುತ್ತದೆ, ಇನ್ನೊಂದು ತುದಿ ನೆಲಕ್ಕೆ, ಅಂದರೆ ಅರ್ತ್‌ಗೆ. ಬೆರಳು ನಿಂತ ಜಾಗದಲ್ಲಿ ಎಷ್ಟು ವೋಲ್ಟೇಜ್ ಸಿಗುತ್ತದೋ ಅಷ್ಟೇ ಮುಂದಕ್ಕೆ. ಸ್ಟೀರಿಯೋಗೆ ಇಂಥ ಎರಡು ಪಟ್ಟಿಗಳು ಒಂದೇ ದಂಡಕ್ಕೆ ಜೋಡಿಯಾಗಿರುತ್ತವೆ. ನಮ್ಮ ಕಿವಿ ಸದ್ದಿನ ಏರಿಕೆಯನ್ನು ಗುಣಾಕಾರದ ಲೆಕ್ಕದಲ್ಲಿ ಗ್ರಹಿಸುವುದರಿಂದ ಪಟ್ಟಿಯ ಉದ್ದಕ್ಕೂ ರೋಧ, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಒಂದೇ ಸಮ ಇರುವಂತಿಲ್ಲ. ಬೇರೆ ಬೇರೆ ರೋಧದ ಎರಡು ಮೂರು ತುಂಡುಗಳನ್ನು ಒಂದರ ಪಕ್ಕ ಒಂದು ಅಚ್ಚು ಹಾಕಿ ಆ ಏರಿಕೆಯನ್ನು ಹೆಚ್ಚುಕಡಿಮೆ ಸಾಧಿಸುತ್ತಾರೆ. ಎಡ, ಬಲದ ಪಟ್ಟಿಗಳು ಪೂರ್ತಿ ಒಂದೇ ತರಹ ಬರುವುದಿಲ್ಲ. ಆ ವ್ಯತ್ಯಾಸ ಹೆಚ್ಚಾಗಿ ಬಯಲಾಗುವುದು ಗುಂಡಿಯ ಮೊದಲ ಭಾಗದಲ್ಲಿ, ಅಂದರೆ ರಾತ್ರಿ ಮನೆಯವರು ಮಲಗಿದ ಮೇಲೆ ಮೆಲ್ಲಗೆ ಕೇಳುವಾಗ. ಹಾಡುಗಾರರು ನಡುವಿನಿಂದ ಜರುಗಿ ಒಂದು ಸ್ಪೀಕರ್‌ನತ್ತ ಕುಳಿತಂತೆ ಆಗುತ್ತದೆ.

ದುಬಾರಿ ಯಂತ್ರಗಳಲ್ಲಿ ಹೆಚ್ಚು ಬಳಕೆಯಾದ ಪಾಟ್ ಎಂದರೆ ಜಪಾನಿನ ಆಲ್ಪ್ಸ್ ಕಂಪನಿಯ ಆರ್‌ಕೆ27. ಆಡಿಯೋ ಮಂದಿ ಅದನ್ನು ಕರೆಯುವುದು ‘ಬ್ಲೂ ವೆಲ್ವೆಟ್’ ಎಂದು. ತಯಾರಕರು ಅದಕ್ಕೆ ಕೊಡುವ ಆಯುಷ್ಯ 15,000 ಆವರ್ತ. ಈ ತುದಿಯಿಂದ ಆ ತುದಿಗೆ ಹೋಗಿ ಮರಳಿದರೆ ಒಂದು ಆವರ್ತ. ದಿನಕ್ಕೆ ಹತ್ತು ಬಾರಿ ಹಾಗೆ ತಿರುಗಿಸಿದರೆ ನಾಲ್ಕು ವರ್ಷಕ್ಕೇ ಲೆಕ್ಕ ಮುಗಿಯುತ್ತದೆ ಎಂದು ಹೆದರಿಸುವವರಿದ್ದಾರೆ. ಆದರೆ ಮನೆಯಲ್ಲಿ ಯಾರು ಗುಂಡಿಯನ್ನು ತುದಿಯಿಂದ ತುದಿಗೆ ತಿರುಗಿಸುತ್ತಾರೆ? ಗಡಿಯಾರದ ಎಂಟು ಗಂಟೆಯಿಂದ ಹನ್ನೊಂದರ ನಡುವಿನ ಚಿಕ್ಕ ಪಟ್ಟಿಯಲ್ಲೇ ನಮ್ಮ ಇಡೀ ಸಂಗೀತ ಜೀವನ ಕಳೆದುಹೋಗುತ್ತದೆ. ಸವೆತ ಅಷ್ಟರಲ್ಲೇ ಆಗುತ್ತದೆ ನಿಜ, ಆದರೂ ಒಟ್ಟು ಓಡಾಟ ಕಡಿಮೆ. ಎಂಬತ್ತರ ದಶಕದ ಜಪಾನೀ ಆಂಪ್ಲಿಫೈಯರ್‌ಗಳು ಮೂಲ ಪಾಟ್‌ನೊಂದಿಗೇ ಇನ್ನೂ ಹಾಡುತ್ತಿರುವುದು ಅಪರೂಪವಲ್ಲ. ಪಾಟ್ ಬಗ್ಗೆ ಹಬ್ಬಿರುವ ಭಯ ಅದರ ಯೋಗ್ಯತೆಗಿಂತ ದೊಡ್ಡದು.

ಮೆಟ್ಟಿಲು ಸ್ವಿಚ್ಚಿನ ಕಥೆ ಬೇರೆ. ಹಳೆಯ ಮನೆಗಳ ಗೋಡೆಯಲ್ಲಿ ಈಗಲೂ ಕಾಣುವ, ಐದು ಅಂಕಿಗಳ ದಪ್ಪ ಫ್ಯಾನ್ ರೆಗ್ಯುಲೇಟರ್ ನೆನಪಿಸಿಕೊಂಡರೆ ಅರ್ಧ ಅರ್ಥವಾದಂತೆ: ಸಾಲಾಗಿ ಜೋಡಿಸಿದ ರೋಧಗಳು, ಅವುಗಳ ನಡುನಡುವಿನಿಂದ ಎಳೆದ ತಂತಿಗಳು, ಬೇಕಾದ ಕಡೆ ಮುಟ್ಟುವ ಒಂದು ತಿರುಗುವ ಕೈ. ಆಡಿಯೋದಲ್ಲಿ ಐದರ ಬದಲು ಸಾಮಾನ್ಯವಾಗಿ 24 ಸ್ಥಾನ. ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಅಂತಸ್ತು. ಪ್ರತಿ ಮೆಟ್ಟಿಲಿಗೂ ಅಳೆದು ಆರಿಸಿದ ರೆಸಿಸ್ಟರ್, ಅಂದರೆ ರೋಧದ ಬಿಡಿಭಾಗ. ಮೆಟ್ಟಿಲಿಗೆ 2 ಡೆಸಿಬೆಲ್ ಎಂದರೆ 23 ಜಿಗಿತಗಳಲ್ಲಿ 46 ಡೆಸಿಬೆಲ್. ರೆಸಿಸ್ಟರ್‌ಗಳು ಶೇಕಡಾ 1ರೊಳಗೆ ಸಮವಾಗಿರುವುದರಿಂದ ಎಡ, ಬಲದ ತಕರಾರು ಇಲ್ಲವೇ ಇಲ್ಲ. ಸ್ವಿಟ್ಜರ್ಲೆಂಡಿನ ಎಲ್ಮಾ, ಜಪಾನಿನ ಸೈಡೆನ್, ಅಮೆರಿಕದ ಶಾಲ್ಕೋ ಕಂಪನಿಗಳ ಸ್ವಿಚ್ಚುಗಳನ್ನು ಆಧರಿಸಿ ಇವನ್ನು ಕಟ್ಟುತ್ತಾರೆ. ಡೆನ್ಮಾರ್ಕಿನ ಡ್ಯಾಕ್ಟ್, ಪೋಲೆಂಡಿನ ಖೋಜ್ಮೋ ಮುಂತಾದವರು ಸಿದ್ಧಪಡಿಸಿಯೇ ಮಾರುತ್ತಾರೆ. ಮೆಟ್ಟಿಲು ನುಣುಪಾಗಿರುವುದಿಲ್ಲ. ಒಂದು ಮೆಟ್ಟಿಲು ಕಡಿಮೆಯಾಯಿತು, ಮುಂದಿನದು ಜಾಸ್ತಿಯಾಯಿತು ಎಂದು ಗೊಣಗುವವರಿದ್ದಾರೆ. ಅದು ರುಚಿಯ ವಿಷಯ, ಬಿಡೋಣ.

ಇವುಗಳ ಆಯುಷ್ಯದ ಬಗ್ಗೆ ಮಾತು ಬಂದಾಗ ಹಳೆಯ ಅಮೆರಿಕನ್ ಸ್ಟುಡಿಯೋಗಳನ್ನು ಸಾಕ್ಷಿಗೆ ಕರೆಯುವುದು ವಾಡಿಕೆ. ನ್ಯೂಜೆರ್ಸಿಯ ನೆವಾರ್ಕ್ ನಗರದ ಡೇವನ್ ಕಂಪನಿಯ ಮೆಟ್ಟಿಲು ಸ್ವಿಚ್ಚುಗಳು ಕಳೆದ ಶತಮಾನದ ಮೂವತ್ತರ ದಶಕದಿಂದಲೇ ಅಲ್ಲಿನ ರೇಡಿಯೋ ಕೇಂದ್ರಗಳ ಧ್ವನಿ ಮೇಜುಗಳಲ್ಲಿದ್ದವು. ಅವುಗಳಲ್ಲಿ ಎಷ್ಟೋ ಇಂದಿಗೂ ಕೆಲಸ ಮಾಡುತ್ತವೆ. ಸಾಕ್ಷಿ ಸುಳ್ಳಲ್ಲ, ಆದರೆ ಅರ್ಧವನ್ನೇ ಹೇಳುತ್ತದೆ. ಆ ಸ್ವಿಚ್ಚುಗಳಿಗೆ ತೆಗೆಯಬಹುದಾದ ಮುಚ್ಚಳವಿತ್ತು. ಅದನ್ನು ಬಿಚ್ಚಿ, ಸಂಪರ್ಕಬಿಂದುಗಳನ್ನು ಒರೆಸಿ, ತೆಳ್ಳಗೆ ಎಣ್ಣೆ ಹಚ್ಚುವುದು ಅಲ್ಲಿನ ತಂತ್ರಜ್ಞರ ಮಾಮೂಲಿ ಕೆಲಸವಾಗಿತ್ತು. ಸ್ವಿಚ್ ಅಷ್ಟು ಕಾಲ ಬಾಳಿದ್ದರಲ್ಲಿ ಲೋಹದ ಪಾಲು ಎಷ್ಟೋ, ನೋಡಿಕೊಳ್ಳುವ ಕೈಯ ಪಾಲೂ ಅಷ್ಟೇ. ಇಂದಿನ ಆಂಪ್ಲಿಫೈಯರ್ ಕೊಂಡವನು ಮುಚ್ಚಳ ಬಿಚ್ಚಿದರೆ ವಾರಂಟಿಯೇ ರದ್ದಾಗುತ್ತದೆ.

ಇಲ್ಲಿ ಲೋಹದ ವಿಚಾರ ಸ್ವಲ್ಪ ನಿಧಾನವಾಗಿ ನೋಡಬೇಕು. ಸ್ವಿಚ್ಚಿನ ಸಂಪರ್ಕಬಿಂದುಗಳಿಗೆ ಬಳಸುವುದು ಹೆಚ್ಚಾಗಿ ಬೆಳ್ಳಿ ಅಥವಾ ಚಿನ್ನದ ಲೇಪನ. ವಿದ್ಯುತ್ತನ್ನು ಹರಿಸುವುದರಲ್ಲಿ ಬೆಳ್ಳಿಯನ್ನು ಮೀರಿಸುವ ಲೋಹವಿಲ್ಲ. ಆದರೆ ಗಂಧಕದ ಗಾಳಿ ತಗುಲಿದರೆ ಅದು ಕಪ್ಪಾಗುತ್ತದೆ. ಬೆಳ್ಳಿ ಸಲ್ಫೈಡಿನ ಪೊರೆ ಕಟ್ಟಿಕೊಳ್ಳುತ್ತದೆ. ಗಂಧಕ ಎಲ್ಲಿಂದ ಬರುತ್ತದೆ? ತೆರೆದ ಚರಂಡಿಯಿಂದ, ಡೀಸೆಲ್ ಜನರೇಟರಿನ ಹೊಗೆಯಿಂದ, ಆಂಪ್ಲಿಫೈಯರ್ ಜೊತೆ ಅದೇ ಕಪಾಟಿನಲ್ಲಿ ಇಟ್ಟ ರಬ್ಬರಿನಿಂದಲೂ. ಗೋಡೆಯ ಸ್ವಿಚ್ಚಿನಲ್ಲಿ 230 ವೋಲ್ಟ್ ಹರಿಯುವಾಗ ಇಂಥ ತೆಳು ಪೊರೆ ಲೆಕ್ಕಕ್ಕಿಲ್ಲ, ಕಿಡಿಗೆ ಸುಟ್ಟು ಹೋಗುತ್ತದೆ. ವಾಲ್ಯೂಮ್ ಸ್ವಿಚ್ಚಿನಲ್ಲಿ ಹಾಗಲ್ಲ. ಸಿ.ಡಿ. ಪ್ಲೇಯರ್ ಕೊಡುವುದೇ ಸುಮಾರು 2 ವೋಲ್ಟ್. ಗುಂಡಿಯನ್ನು 40 ಡೆಸಿಬೆಲ್ ಇಳಿಸಿಟ್ಟರೆ ಮುಂದಕ್ಕೆ ಹೋಗುವುದು ಅದರ ನೂರರಲ್ಲೊಂದು ಪಾಲು, 20 ಮಿಲಿವೋಲ್ಟ್. ಹಾಡಿನ ಮೆಲುದನಿಯ ಜಾಗಗಳಲ್ಲಿ ಅದೂ ಇಲ್ಲ. ಕರೆಂಟಂತೂ ನಾಮಕಾವಸ್ತೆ. ಪೊರೆಯನ್ನು ಒಡೆಯುವ ಶಕ್ತಿ ಈ ಸಂಕೇತಕ್ಕೆ ಇರುವುದಿಲ್ಲ. ಎಂಜಿನಿಯರುಗಳು ‘ಡ್ರೈ ಸರ್ಕ್ಯೂಟ್’ ಎಂದು ಹೆದರುವುದು ಇಂಥದ್ದಕ್ಕೇ.

ಚಿನ್ನ ಕಪ್ಪಾಗುವುದಿಲ್ಲ. ಆದರೆ ಮೆತ್ತಗಿನ ಲೋಹ, ಉಜ್ಜಿದರೆ ಹೋಗುತ್ತದೆ. ಲೇಪನ ಮೈಕ್ರಾನುಗಳ ಲೆಕ್ಕದ್ದು. ಅದರ ಕೆಳಗೆ ನಿಕಲ್, ಅದರ ಕೆಳಗೆ ತಾಮ್ರ. ತೆಳುವಾಗಿ ಹಚ್ಚಿದ ಚಿನ್ನದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಆ ರಂಧ್ರಗಳ ಮೂಲಕ ಕೆಳಗಿನ ಲೋಹ ಕೆಟ್ಟು ಮೇಲೆ ಹರಡಿಕೊಳ್ಳುತ್ತದೆ. ಹೀಗಾಗಿ ‘ಚಿನ್ನದ ಲೇಪನ’ ಎಂಬ ಒಂದೇ ಮಾತಿನಿಂದ ಏನೂ ತಿಳಿಯುವುದಿಲ್ಲ. ಎಷ್ಟು ದಪ್ಪ, ಯಾವುದರ ಮೇಲೆ ಎಂದು ಕೇಳಬೇಕು. ಕೋಲಾರದ ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಚಿನ್ನದ ಹೆಸರು ಹೇಳಿ ಕೊಳ್ಳುವವರ ಜೇಬಿನಲ್ಲಿ ನಡೆಸುವ ಗಣಿಗಾರಿಕೆ ಮಾತ್ರ ಇನ್ನೂ ಭರದಿಂದ ಸಾಗಿದೆ.

ಬೆಳ್ಳಿಯ ಸ್ವಿಚ್ ಹೇಗೆ ಕೆಡುತ್ತದೆ ಎಂಬುದನ್ನು ಬಿ.ಎಚ್. ರಸ್ತೆಯ ಆಚೆಗಿನ ಒಂದು ಅಡ್ಡರಸ್ತೆಯ ಅಂಗಡಿಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಅಂಗಡಿಯ ಯಜಮಾನರು ಮೊದಲು ಇಲ್ಲಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿದ್ದವರು. 1978ರಲ್ಲಿ ಬಂದ ಆ ಕಾರ್ಖಾನೆಯ ಬಾಗಿಲು ಹಾಕಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಜಾಗ ಇಸ್ರೋ ಪಾಲಾಯಿತು. ಕೂದಲೆಳೆಯಂಥ ಸ್ಪ್ರಿಂಗ್, ಚಿಕ್ಕ ಹಲ್ಲಿನ ಚಕ್ರ, ಒಂದು ಹನಿಯ ನೂರರ ಪಾಲಿನ ಎಣ್ಣೆ ಇವುಗಳೊಂದಿಗೆ ಪಳಗಿದ ಕೈಗಳು ಊರಿನಲ್ಲೇ ಉಳಿದುಕೊಂಡವು. ಮೆಟ್ಟಿಲು ಸ್ವಿಚ್ಚಿನ ಬಾಲ್, ಸ್ಪ್ರಿಂಗ್, ಹಲ್ಲಿನ ಚಕ್ರಗಳನ್ನು ಬಿಚ್ಚಿ ಮತ್ತೆ ಕೂಡಿಸಲು ಅಂಥ ಕೈಗಳೇ ಬೇಕು.

ಅಂದು ಮೇಜಿನ ಮೇಲೆ ಇದ್ದದ್ದು ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಆಂಪ್ಲಿಫೈಯರ್. ದೂರು ವಿಚಿತ್ರವಾಗಿತ್ತು: ದಿನಾ ಕೇಳುವಷ್ಟು ಸದ್ದಿನಲ್ಲಿ ಎಲ್ಲವೂ ಸರಿ, ನೆಂಟರು ಬಂದಾಗ ಸ್ವಲ್ಪ ಜೋರು ಮಾಡಿದರೆ ಎಡಗಡೆ ಮಾಯ. ಯಜಮಾನರು ಸ್ವಿಚ್ಚಿನ ಎರಡು ತಿರುಪು ಬಿಚ್ಚಿ, ಮೇಲಿನ ಅಂತಸ್ತನ್ನು ಎತ್ತಿ, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ನೋಡಿ ನನ್ನ ಕೈಗೂ ಕೊಟ್ಟರು. ದುಂಡಗೆ ಕುಳಿತ 24 ಬೆಳ್ಳಿಯ ತಟ್ಟೆಗಳು. ಆರೇಳು ಮಾತ್ರ ಫಳಫಳ ಹೊಳೆಯುತ್ತಿದ್ದವು. ಅವುಗಳ ಮೇಲೆ ಸ್ವಿಚ್ಚಿನ ಲೋಹದ ಬೆರಳು ಓಡಾಡಿದ ಎರಡು ಸಪೂರ ಗೆರೆಗಳಿದ್ದವು. ಉಳಿದವೆಲ್ಲ ಕಂದು, ಅಂಚಿನಲ್ಲಿ ನೀಲಿಗಪ್ಪು. ಸವೆದಿರಬೇಕು ಎಂದು ನಾವು ಅಂದುಕೊಳ್ಳುವ, ದಿನಾ ಉಜ್ಜಾಡಿದ ತಟ್ಟೆಗಳೇ ಆರೋಗ್ಯವಾಗಿದ್ದವು.

“ಇದು ಸವೆದು ಕೆಟ್ಟದ್ದಲ್ಲ ಸಾರ್, ಸುಮ್ಮನೆ ಕೂತು ಕೆಟ್ಟದ್ದು” ಎಂದರು ಯಜಮಾನರು. ಹತ್ತಿ ಸುತ್ತಿದ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒಂದೊಂದೇ ತಟ್ಟೆಯನ್ನು ಒರೆಸಿದರು, ಹತ್ತಿ ಕಪ್ಪಾದಂತೆ ಬದಲಿಸಿದರು. ಉಪ್ಪುಕಾಗದ ಮುಟ್ಟಲಿಲ್ಲ. ಅದರಿಂದ ಉಜ್ಜಿದರೆ ಬೇಗ ಹೊಳೆಯುತ್ತದೆ, ಲೇಪನವೂ ಅಷ್ಟೇ ಬೇಗ ಹೋಗುತ್ತದೆ.

ಆ ತಟ್ಟೆಗಳನ್ನು ನೋಡಿದ ಮೇಲೆ ಆಯುಷ್ಯದ ಅಂಕಿಗಳ ಮೇಲಿನ ನನ್ನ ಭಕ್ತಿ ಇಳಿದಿದೆ. ಸ್ವಿಚ್ಚಿನ ವಿವರಪತ್ರದಲ್ಲಿ ಬರೆದ ಹತ್ತಾರು ಸಾವಿರ ಆವರ್ತಗಳು ಯಂತ್ರ ಒಂದೇ ಸಮನೆ ತಿರುಗಿಸಿ ಎಣಿಸಿದವು. ಹಾಗೆ ತಿರುಗುವಾಗ ಸಂಪರ್ಕಬಿಂದು ತನ್ನನ್ನು ತಾನೇ ಒರೆಸಿಕೊಳ್ಳುತ್ತಿರುತ್ತದೆ. ಮನೆಯಲ್ಲಿ ಆಗುವುದು ಇದಕ್ಕೆ ವಿರುದ್ಧ: ಗುಂಡಿ ತಿಂಗಳುಗಟ್ಟಲೆ ಮೂರು ಮೆಟ್ಟಿಲುಗಳ ನಡುವೆ ಆಡುತ್ತದೆ, ಉಳಿದವು ಗಾಳಿ ಕುಡಿಯುತ್ತಾ ಕೂರುತ್ತವೆ. ಪರೀಕ್ಷೆ ಅಳೆಯುವುದು ಸವೆತವನ್ನು, ನಮ್ಮ ಸ್ವಿಚ್ ಸಾಯುವುದು ನಿರುದ್ಯೋಗದಿಂದ. ಕರಾವಳಿಯ ಉಪ್ಪುಗಾಳಿ ತುಮಕೂರಿಗಿಲ್ಲ, ಅದೊಂದು ಪುಣ್ಯ. ಆದರೆ ಬೇಸಿಗೆಯ ಧೂಳು ಇದೆ. ತೆರೆದ ಸ್ವಿಚ್ಚಿನೊಳಗೆ ಹೋಗಿ ಹಳೆಯ ಗ್ರೀಸಿನೊಂದಿಗೆ ಬೆರೆತ ಧೂಳು ಸಾಣೆ ಹಿಡಿಯುವ ಲೇಪವೇ ಆಗುತ್ತದೆ.

ಇನ್ನು ಕೆಡುವ ರೀತಿ. ಹೈ-ಎಂಡ್ ಆಡಿಯೋ ಚರ್ಚೆಗಳಲ್ಲಿ ಅತಿ ಕಡಿಮೆ ಜಾಗ ಸಿಗುವ, ನನ್ನ ಪ್ರಕಾರ ಅತಿ ಹೆಚ್ಚು ಸಿಗಬೇಕಾದ ವಿಷಯ ಇದು.

ಮೆಟ್ಟಿಲು ಸ್ವಿಚ್ಚುಗಳನ್ನು ಮುಖ್ಯವಾಗಿ ಮೂರು ವಿಧದಲ್ಲಿ ಕಟ್ಟುತ್ತಾರೆ. ಒಂದು, ಫ್ಯಾನ್ ರೆಗ್ಯುಲೇಟರಿನಂತೆ ರೆಸಿಸ್ಟರ್‌ಗಳ ಸರಪಳಿ. ಸಂಗೀತ ಸರಪಳಿಯ ಹಲವು ಕೊಂಡಿಗಳನ್ನು ಹಾದು ಬರುತ್ತದೆ. ಎರಡು, ಪ್ರತಿ ಮೆಟ್ಟಿಲಿಗೂ ಎರಡೇ ರೆಸಿಸ್ಟರ್‌ಗಳ ಪ್ರತ್ಯೇಕ ಜೋಡಿ. ಸ್ವಿಚ್ಚಿನ ಅಂತಸ್ತುಗಳು ಇಮ್ಮಡಿ, ಬೆಲೆಯೂ ಹಾಗೆಯೇ. ಮೂರನೆಯದು ಶಂಟ್ ವಿಧಾನ: ಸಂಗೀತದ ದಾರಿಯಲ್ಲಿ ಒಂದೇ ಒಂದು ಉತ್ತಮ ರೆಸಿಸ್ಟರ್ ಕಾಯಂ ಇರುತ್ತದೆ, ಸ್ವಿಚ್ ಮಾಡುವುದು ಇಷ್ಟೇ, ಬೇಡದ ಭಾಗವನ್ನು ಬೇರೆ ಬೇರೆ ರೆಸಿಸ್ಟರ್ ಮೂಲಕ ನೆಲಕ್ಕೆ ಹರಿಸುವುದು. ಸ್ವಿಚ್ಚಿನ ಸಂಪರ್ಕಬಿಂದು ಸಂಗೀತದ ನೇರ ದಾರಿಯಲ್ಲೇ ಇರುವುದಿಲ್ಲವಲ್ಲ ಎಂದು ಶುದ್ಧತೆಯ ಆರಾಧಕರು ಇದನ್ನು ಮೆಚ್ಚುತ್ತಾರೆ.

ಆ ಸಂಪರ್ಕಬಿಂದು ಕೈಕೊಟ್ಟರೆ? ಸರಪಳಿ ವಿಧಾನದಲ್ಲಿ ತಿರುಗುವ ಬೆರಳು ಬಿಟ್ಟುಕೊಂಡರೆ ಒಂದು ಕಡೆ ಸದ್ದು ನಿಲ್ಲುತ್ತದೆ, ಇಲ್ಲವೇ ಗುಂಯ್ ಎನ್ನುತ್ತದೆ. ಕಿರಿಕಿರಿ, ಅಷ್ಟೇ. ಶಂಟ್ ವಿಧಾನದಲ್ಲಿ ಬಿಟ್ಟುಕೊಂಡರೆ ನೆಲದ ದಾರಿಯೇ ಮುಚ್ಚಿಹೋಗುತ್ತದೆ. ತಡೆಯುವವರಿಲ್ಲದ ಸಂಗೀತ ಪೂರ್ತಿ ಜೋರಿನಲ್ಲಿ ಮುಂದಕ್ಕೆ ನುಗ್ಗುತ್ತದೆ. 40 ಡೆಸಿಬೆಲ್ ಇಳಿಸಿಕೊಂಡು ಕೇಳುತ್ತಿದ್ದವನಿಗೆ ಅದು ವೋಲ್ಟೇಜಿನಲ್ಲಿ ನೂರು ಪಟ್ಟು, ಶಕ್ತಿಯ ಲೆಕ್ಕದಲ್ಲಿ ಹತ್ತು ಸಾವಿರ ಪಟ್ಟು ಜಿಗಿತ. ಅಷ್ಟನ್ನು ಆಂಪ್ಲಿಫೈಯರ್ ಕೊಡಲಾರದೆ ಅಲೆಗಳ ತಲೆ ಕತ್ತರಿಸುತ್ತದೆ, ಸ್ಪೀಕರ್‌ನಲ್ಲಿ ತಾರಸ್ವರಗಳನ್ನು ನುಡಿಸುವ ಟ್ವೀಟರ್ ಸುಟ್ಟುಹೋಗುತ್ತದೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯದನ್ನು ಬಿಟ್ಟ ಮೇಲೆ ಹೊಸದನ್ನು ಮುಟ್ಟುವ ಜಾತಿಯ ಸ್ವಿಚ್ಚನ್ನು ಇಲ್ಲಿ ಹಾಕಿದ್ದರಂತೂ ಪ್ರತಿ ಮೆಟ್ಟಿಲಿಗೂ ಒಂದು ಫಟ್. ಹೊಸದನ್ನು ಮುಟ್ಟಿದ ಮೇಲೆಯೇ ಹಳೆಯದನ್ನು ಬಿಡುವ ಜಾತಿಯೇ ಬೇಕು. ಹೆಸರಿರುವ ತಯಾರಕರು ಅದನ್ನೇ ಬಳಸುತ್ತಾರೆ. ಕೈಯಾರೆ ಕಟ್ಟಿಕೊಳ್ಳಲು ಹೊರಟು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಿಕ್ಕ ಸ್ವಿಚ್ ತಂದವರು ಎಡವುವುದು ಇಲ್ಲೇ, ಹೊರಗಿನಿಂದ ಎರಡೂ ಜಾತಿ ಒಂದೇ ತರಹ ಕಾಣುವುದರಿಂದ.

ಪಾಟ್‌ಗೂ ಇಂಥದೇ ಒಂದು ಅಪಾಯವಿದೆ. ಭಾರದ ಅಲ್ಯೂಮಿನಿಯಂ ಗುಂಡಿಯನ್ನು ದಿನವೂ ತಿರುಗಿಸುವ ಬಲವೆಲ್ಲ, ಪಾಟನ್ನು ಮುಂಫಲಕಕ್ಕೆ ನಟ್ ಹಾಕಿ ಬಿಗಿದಿಲ್ಲದಿದ್ದರೆ, ಸರ್ಕ್ಯೂಟ್ ಬೋರ್ಡಿನ ಬೆಸುಗೆಯ ಮೇಲೆ ಬೀಳುತ್ತದೆ. ಬೆಸುಗೆಯ ಸುತ್ತ ಕೂದಲೆಳೆಯಷ್ಟು ದುಂಡು ಬಿರುಕು ಮೂಡುತ್ತದೆ. ಬಿರುಕು ಬಿಟ್ಟದ್ದು ನೆಲಕ್ಕೆ ಸೇರುವ ಕಾಲಾಗಿದ್ದರೆ ಗುಂಡಿ ಎಲ್ಲಿಟ್ಟರೂ ಜೋರು. ಪಾಟ್ ಕೆಟ್ಟಿತೆಂದು ಬದಲಿಸುವ ಮುನ್ನ ಅದರ ಕಾಲುಗಳ ಬೆಸುಗೆಯನ್ನು ಲೆನ್ಸಿನಲ್ಲಿ ನೋಡುವ ರಿಪೇರಿಯವರು ಸಿಕ್ಕರೆ ಬಿಡಬೇಡಿ.

ಒಳ್ಳೆಯ ವಿನ್ಯಾಸಕಾರರು ಇದಕ್ಕೆಲ್ಲ ಮೊದಲೇ ಅಡ್ಡಗಟ್ಟೆ ಹಾಕುತ್ತಾರೆ. ಪಾಟ್ ಅಥವಾ ಸರಪಳಿ ಸ್ವಿಚ್ಚಿನ ಬೆರಳಿನಿಂದ ನೆಲಕ್ಕೆ ಒಂದು 1 ಮೆಗಾಓಮ್ ರೆಸಿಸ್ಟರ್ ಬೆಸೆದರೆ ಸಾಕು, ಬೆರಳು ಬಿಟ್ಟುಕೊಂಡರೂ ಮುಂದಿನ ಹಂತ ಎಲ್ಲಿಗೂ ಸೇರದೆ ತೇಲಾಡುವುದಿಲ್ಲ. ಗುಂಯ್ ಎನ್ನುವ ಬದಲು ಮೌನ. ಬೆಲೆ ಒಂದೆರಡು ರೂಪಾಯಿ. ಶಂಟ್ ವಿಧಾನದಲ್ಲಿ ಸ್ವಿಚ್ಚಿನ ಪಕ್ಕದಲ್ಲೇ ಒಂದು ಕಾಯಂ ರೆಸಿಸ್ಟರ್ ನೆಲಕ್ಕೆ ಇಟ್ಟರೆ ಅತಿ ಜೋರಿಗೆ ಒಂದು ಮಿತಿ ಬೀಳುತ್ತದೆ. ಲಕ್ಷಗಳ ಯಂತ್ರದಲ್ಲಿ ಈ ರೆಸಿಸ್ಟರ್ ಇದೆಯೇ ಎಂದು ಯಾವ ಜಾಹೀರಾತೂ ಹೇಳುವುದಿಲ್ಲ. ಗುಂಡಿಯನ್ನು ಎಷ್ಟು ಕಿಲೋ ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದಿದ್ದಾರೆ ಎಂದು ಮಾತ್ರ ಹೇಳುತ್ತದೆ.

ಈಗಿನ ಅನೇಕ ದುಬಾರಿ ಆಂಪ್ಲಿಫೈಯರ್‌ಗಳಲ್ಲಿ ಆ ಗುಂಡಿಯ ಹಿಂದೆ ಸಂಗೀತವೇ ಇರುವುದಿಲ್ಲ. ಇರುವುದು ಎನ್‌ಕೋಡರ್, ಅಂದರೆ ಎಷ್ಟು ತಿರುಗಿತು, ಯಾವ ಕಡೆಗೆ ತಿರುಗಿತು ಎಂದು ಒಳಗಿನ ಪ್ರೊಸೆಸರ್‌ಗೆ ಎಣಿಸಿ ಹೇಳುವ ಪುಟ್ಟ ಸಾಧನ. ಸದ್ದನ್ನು ನಿಜವಾಗಿ ಇಳಿಸುವುದು ರಿಲೇಗಳ (ವಿದ್ಯುತ್ತಿನಿಂದ ಆಡುವ ಪುಟ್ಟ ಸ್ವಿಚ್ಚುಗಳ) ಸಾಲು, ಅಥವಾ ಪಿಜಿಎ2311ನಂಥ ಚಿಪ್. ಈ ಚಿಪ್ ಅರ್ಧ ಅರ್ಧ ಡೆಸಿಬೆಲ್‌ನ ಮೆಟ್ಟಿಲುಗಳಲ್ಲಿ 95.5 ಡೆಸಿಬೆಲ್‌ವರೆಗೆ ಇಳಿಸಬಲ್ಲದು, 31.5ರವರೆಗೆ ಏರಿಸಬಲ್ಲದು, ಸವೆಯುವ ಭಾಗ ಯಾವುದೂ ಇಲ್ಲ. ರಿಲೇಯಲ್ಲಿ ಸಂಪರ್ಕಬಿಂದು ಇದೆಯಾದರೂ ಅದು ಗಾಳಿ, ಧೂಳು ಸುಲಭವಾಗಿ ಸೇರದ ಮುಚ್ಚಿದ ಡಬ್ಬಿಯಲ್ಲಿರುತ್ತದೆ. ಅದರ ಯಾಂತ್ರಿಕ ಆಯುಷ್ಯವನ್ನು ಕೋಟಿಗಳಲ್ಲಿ ಹೇಳುತ್ತಾರೆ. ಆರು ರಿಲೇಗಳಿಂದ 64 ಮೆಟ್ಟಿಲು ಸಿಗುತ್ತದೆ. ಒಂದೇ ಬೇಸರ: 31ನೆಯ ಮೆಟ್ಟಿಲಿನಿಂದ 32ಕ್ಕೆ ಹೋಗುವಾಗ ಆರೂ ರಿಲೇಗಳು ಒಟ್ಟಿಗೆ ಮಗ್ಗುಲು ಬದಲಿಸಬೇಕು, ಅವು ಒಂದೇ ಕ್ಷಣಕ್ಕೆ ಬದಲಿಸುವುದಿಲ್ಲ. ಆ ನಡುವೆ ಚಿಟ್ ಎಂಬ ಸದ್ದು ಬರುವುದುಂಟು.

ತಮಾಷೆ ಎಂದರೆ ಎನ್‌ಕೋಡರ್ ಕೂಡ ಹೆಚ್ಚಾಗಿ ಲೋಹಕ್ಕೆ ಲೋಹ ಉಜ್ಜುವ ಸಾಧನವೇ. ಬಹಳ ಕಡೆ ಕಾಣುವ ಆಲ್ಪ್ಸ್‌ನ ಇಸಿ11 ಎಂಬ ಅಗ್ಗದ ಎನ್‌ಕೋಡರಿನ ಆಯುಷ್ಯವೂ ಅದೇ 15,000 ಆವರ್ತದ್ದು. ಒಳಗೆ ಎರಡು ಸಂಪರ್ಕಗಳಿವೆ. ಯಾವುದು ಮೊದಲು ಕೂಡುತ್ತದೆ ಎಂಬುದನ್ನು ನೋಡಿ ಪ್ರೊಸೆಸರ್ ದಿಕ್ಕು ತಿಳಿಯುತ್ತದೆ. ಒಂದರ ಮೇಲೆ ಕೊಳೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಜೋರು ಮಾಡಲು ತಿರುಗಿಸಿದರೆ ಒಮ್ಮೆ ಏರಿ ಎರಡು ಸಲ ಇಳಿಯುತ್ತದೆ. ಕಾರಿನ ಸ್ಟೀರಿಯೋದಲ್ಲಿ ಇದನ್ನು ಅನುಭವಿಸಿದವರು ಬಹಳ. ಬೆಳಕಿನಿಂದಲೋ ಕಾಂತದಿಂದಲೋ ಎಣಿಸುವ ಎನ್‌ಕೋಡರ್‌ಗಳಿಗೆ ಈ ಕಾಯಿಲೆಯಿಲ್ಲ, ಆದರೆ ಅವುಗಳ ಬೆಲೆ ಹೆಚ್ಚು.

ಹಾಗಿದ್ದೂ ಕೆಡುವ ರೀತಿಯಿಂದ ಅಳೆದರೆ ಎನ್‌ಕೋಡರ್ ಈ ಗುಂಪಿನಲ್ಲೇ ಸಾಧು ಪ್ರಾಣಿ. ಸಂಗೀತ ಅದರ ಮೂಲಕ ಹೋಗುವುದಿಲ್ಲವಾದ್ದರಿಂದ ಕರಕರವಿಲ್ಲ, ಎಡ ಬಲದ ಜಗಳವಿಲ್ಲ, ಒಮ್ಮೆಲೇ ಅಬ್ಬರಿಸುವ ಸಂಭವ ತೀರಾ ಕಡಿಮೆ. ಗುಂಡಿ ಕೆಟ್ಟರೂ ರಿಮೋಟ್ ಕೆಲಸ ಮಾಡುತ್ತದೆ. ಕೈಗೆ ಮೆಟ್ಟಿಲಿನ ‘ಕಟ್’ ಸಿಗದಿದ್ದರೆ ಸಂಗೀತದಲ್ಲೇ ಏನೋ ಕೊರತೆ ಎನ್ನುವವರ ಜೊತೆ ನನಗೆ ವಾದವಿಲ್ಲ. ಆ ಸುಖಕ್ಕೂ ಬೆಲೆಯಿದೆ. ಅದನ್ನು ವಿಶ್ವಾಸಾರ್ಹತೆ ಎಂದು ಕರೆಯುವುದು ಮಾತ್ರ ಸರಿಯಲ್ಲ.

ಎನ್‌ಕೋಡರ್ ವ್ಯವಸ್ಥೆಯ ನಿಜವಾದ ದೌರ್ಬಲ್ಯ ಇರುವುದು ದುರಸ್ತಿಯಲ್ಲಿ. ಪಾಟ್ ಹೋದರೆ ಅದೇ ಅಳತೆಯ ಇನ್ನೊಂದು ಪಾಟ್ ಎಲ್ಲಾದರೂ ಸಿಗುತ್ತದೆ. ಮೆಟ್ಟಿಲು ಸ್ವಿಚ್ಚನ್ನು ಒರೆಸಬಹುದು, ರೆಸಿಸ್ಟರ್ ಬದಲಿಸಬಹುದು. ಚಿಪ್, ಅದನ್ನು ಆಳುವ ಪ್ರೊಸೆಸರ್, ಅದರೊಳಗೆ ತಯಾರಕರು ಬರೆದ ತಂತ್ರಾಂಶ ಇವುಗಳಲ್ಲಿ ಒಂದು ಹೋದರೆ ಊರಿನ ಅಂಗಡಿ ಕೈಚೆಲ್ಲುತ್ತದೆ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೋಕಾದಲ್ಲಿ ಅಸಾಹಿ ಕಾಸೆ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಜಗತ್ತಿನ ಆಡಿಯೋ ತಯಾರಕರು ಪರದಾಡಿದರು, ಹಲವರು ವಿನ್ಯಾಸವನ್ನೇ ಬದಲಿಸಬೇಕಾಯಿತು. ಹೊಸ ಯಂತ್ರ ಮಾಡುವವರ ಗತಿಯೇ ಹೀಗಾದರೆ ಹತ್ತು ವರ್ಷ ಹಳೆಯ ಯಂತ್ರಕ್ಕೆ ಚಿಪ್ ಹುಡುಕುವವರ ಪಾಡು ಹೇಳಬೇಕಿಲ್ಲ.

ನಮ್ಮಲ್ಲಿ ದುರಸ್ತಿಯ ಹಕ್ಕಿನ ಮಾತು ಇತ್ತೀಚೆಗೆ ಜೋರಾಗಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಇದಕ್ಕೆ ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ವಲಯಗಳನ್ನು ಗುರುತಿಸಿತು. ಟ್ರ್ಯಾಕ್ಟರಿಗೂ ಮೊಬೈಲಿಗೂ ಮೊದಲ ಮಣೆ ಸಿಕ್ಕಿರುವುದು ನ್ಯಾಯವೇ. ಮೂರು ಲಕ್ಷದ ಆಂಪ್ಲಿಫೈಯರ್ ಇಟ್ಟುಕೊಂಡವನ ಕಣ್ಣೀರಿಗೆ ಯಾರೂ ಕರವಸ್ತ್ರ ಹಿಡಿದು ನಿಂತಿಲ್ಲ. ಆದರೆ ಸರ್ಕ್ಯೂಟ್ ನಕ್ಷೆ ಕೊಡಿ, ಬಿಡಿಭಾಗದ ಸಂಖ್ಯೆ ಹೇಳಿ, ಇಷ್ಟು ವರ್ಷ ಸರಬರಾಜು ಮಾಡುತ್ತೇವೆಂದು ಬರೆದುಕೊಡಿ ಎಂದು ಕೇಳಲು ಕಾನೂನಿಗೆ ಕಾಯಬೇಕಿಲ್ಲ. ಕೊಳ್ಳುವ ದಿನ ಮಾರುವವರು ಬಹಳ ಮೃದುವಾಗಿರುತ್ತಾರೆ. ಕೇಳುವುದಿದ್ದರೆ ಅಂದೇ ಕೇಳಬೇಕು.

ಬಿಡಿಭಾಗ ತರಿಸುವಾಗ ಇನ್ನೊಂದು ತಲೆನೋವು ನಕಲಿಯದು. ಆರ್‌ಕೆ27ರ ನಕಲಿಗಳು ಆನ್‌ಲೈನಿನಲ್ಲಿ ರಾಶಿ ರಾಶಿ. ಮೇಲ್ನೋಟಕ್ಕೆ ಗುರುತಿಸುವುದು ಕಷ್ಟ, ಬೆಲೆ ತೀರಾ ಇಳಿದಿದ್ದರೆ ಅನುಮಾನಿಸುವುದು ಕ್ಷೇಮ. ಅಂಗಡಿಯ ಯಜಮಾನರು ಹೊಸ ಪಾಟ್ ಹಾಕುವ ಮುಂಚೆ ಮೀಟರ್ ಹಿಡಿದು ಎಡ, ಬಲದ ರೋಧವನ್ನು ಗುಂಡಿಯ ಮೊದಲ ಕಾಲು ಸುತ್ತಿನಲ್ಲಿ ಹೋಲಿಸುತ್ತಾರೆ. ಅಸಲಿಯೋ ನಕಲಿಯೋ ಎಂಬ ವಾದಕ್ಕಿಂತ ಆ ಎರಡು ಅಂಕಿಗಳು ಉಪಯುಕ್ತ.

ಕರಕರ ಎಂದ ಕೂಡಲೇ ಗುಂಡಿಯನ್ನೇ ಅಪರಾಧಿ ಎಂದು ಹಿಡಿಯುವುದೂ ತಪ್ಪು. ಡಿ.ಸಿ.ಯನ್ನು (ಒಂದೇ ದಿಕ್ಕಿನ ವಿದ್ಯುತ್ತನ್ನು) ತಡೆಯಬೇಕಾದ ಹಿಂದಿನ ಹಂತದ ಕೆಪಾಸಿಟರ್ ಮುಪ್ಪಾಗಿ ಸೋರತೊಡಗಿದರೆ ಸಂಗೀತದ ಜೊತೆಗೆ ಡಿ.ಸಿ. ವೋಲ್ಟೇಜ್ ಪಾಟ್‌ಗೆ ಬರುತ್ತದೆ. ಆಗ ಬೆರಳು ಜಾರಿದಲ್ಲೆಲ್ಲ ಆ ವೋಲ್ಟೇಜ್ ಕುಪ್ಪಳಿಸಿ ಕರಕರ ಕೇಳುತ್ತದೆ. ಹೊಸ ಪಾಟ್ ಹಾಕಿದರೂ ಕರಕರ ಹೋಗುವುದಿಲ್ಲ. ಅದೂ ನಕಲಿ ಎಂದು ಇನ್ನೊಂದು ತರಿಸುತ್ತಾರೆ. ನಮ್ಮ ಬೇಸಿಗೆಯಲ್ಲಿ, ಗಾಳಿಯಾಡದ ಟಿ.ವಿ. ಕಪಾಟಿನೊಳಗೆ ಬೇಯುವ ಆಂಪ್ಲಿಫೈಯರ್‌ಗಳಿಗೆ ಇದು ಬೇಗ ಬರುವ ರೋಗ.

ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್ ತರುವವರು ತುಮಕೂರಿನಲ್ಲಿ ಈಗ ಹೆಚ್ಚಾಗಿದ್ದಾರೆ. ಅವರು ಹಣ ಕೊಡುವ ಮುನ್ನ ಮಾಡಬಹುದಾದ ಪರೀಕ್ಷೆ ಸುಲಭ. ಯಂತ್ರವನ್ನು ಆಫ್ ಮಾಡಿ, ಗುಂಡಿಯನ್ನು ತುದಿಯಿಂದ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಬೇಕು. ಸ್ಪ್ರೇ ಬೇಡ, ತುಕ್ಕು ಬಿಡಿಸುವ ಎಣ್ಣೆಯಂತೂ ಬೇಡವೇ ಬೇಡ, ಅದು ಗ್ರೀಸನ್ನು ಕರಗಿಸಿ ಧೂಳಿಗೆ ಅಂಟು ಬಳಿಯುತ್ತದೆ. ಯಂತ್ರವನ್ನು ಮತ್ತೆ ಆನ್ ಮಾಡಿ, ಮೆಲುದನಿಯಲ್ಲಿ ಒಂದೊಂದೇ ಸ್ಪೀಕರಿಗೆ ಕಿವಿಗೊಟ್ಟು, ಎಲ್ಲ ಸ್ಥಾನಗಳನ್ನೂ ನಿಧಾನವಾಗಿ ಹಾದುಹೋಗಬೇಕು. ಕರಕರ ನಿಂತಿದ್ದರೆ ಅದು ಪೊರೆ ಅಥವಾ ಧೂಳು. ಬೆಲೆಯಲ್ಲಿ ಚೌಕಾಸಿಗೆ ಒಂದು ನೆಪ, ಅಷ್ಟೇ. ನಿಲ್ಲದಿದ್ದರೆ ಮುಚ್ಚಳ ಬಿಚ್ಚಿಸಿ, ಹಾಡು ಹಾಕದೆ, ಪಾಟ್‌ನ ಎರಡು ಹೊರಗಿನ ಕಾಲುಗಳಿಗೆ ಮೀಟರ್ ಹಿಡಿದು ಡಿ.ಸಿ. ನೋಡಬೇಕು. ಅಂಕಿ ಸೊನ್ನೆಯ ಹತ್ತಿರವಿದ್ದರೆ ಪಾಟ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಹತ್ತಾರು ಮಿಲಿವೋಲ್ಟ್ ದಾಟಿದ್ದರೆ ಕೆಪಾಸಿಟರ್‌ಗಳ ಖರ್ಚನ್ನೂ ಸೇರಿಸಿ ಕಳೆಯಿರಿ. ಮುಚ್ಚಳ ಬಿಚ್ಚಲು ಮಾರುವವರು ಒಪ್ಪದಿದ್ದರೆ ಮುಂದಿನ ಬಸ್ಸು ಹಿಡಿಯಿರಿ.